ಮೂರು ನರ್ಸಿಂಗ್ ಸೀಟು, ಒಂದು ಟ್ರಾನ್ಸ್‌ಕ್ರಿಪ್ಟ್: ಯಾವುದನ್ನು ಹಿಡಿಯಲಿ?

ಪ್ರಶ್ನೆ: ಮೈಸೂರಿನಲ್ಲಿ ಮೂರು ವರ್ಷದ ಬಿಎಸ್ಸಿ ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವಳು ನಾನು. ವಯಸ್ಸು 34, ಐದು ವರ್ಷದ ಮಗನಿದ್ದಾನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಕ್ವಾರ್ಟರ್ ಪದ್ಧತಿಯ (ಸೆಮಿಸ್ಟರ್ ಬದಲು ಸುಮಾರು ಹನ್ನೆರಡು ವಾರದ ಅವಧಿಗಳಿರುವ) ಕಮ್ಯುನಿಟಿ ಕಾಲೇಜೊಂದರಲ್ಲಿ ನರ್ಸಿಂಗ್‌ಗೆ ಬೇಕಾದ ಪ್ರಿರಿಕ್ವಿಸಿಟ್‌ಗಳನ್ನು (ಮೊದಲೇ ಮುಗಿಸಿರಬೇಕಾದ ಕೋರ್ಸ್‌ಗಳನ್ನು) ನಿಧಾನವಾಗಿ ಮುಗಿಸಿದ್ದೇನೆ. ಈಗ 78 ಕ್ವಾರ್ಟರ್ ಯೂನಿಟ್ ಇವೆ. ಅನಾಟಮಿ-ಫಿಸಿಯಾಲಜಿಯ ಮೂರು ಭಾಗಗಳಲ್ಲಿ ಕೊನೆಯದನ್ನು ಬೇರೆ ಕಾಲೇಜಿನಿಂದ ಆನ್‌ಲೈನ್ ಮಾಡಿದೆ. ಅದು ಮುಗಿದು ಐದು ವರ್ಷವಾಗುತ್ತಾ ಬಂತು. ಈಗ ಮೂರು ದಾರಿ ಇವೆ. ನಮ್ಮದೇ ಕಾಲೇಜಿನ ಎಡಿಎನ್ (ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ, ಬ್ಯಾಚುಲರ್‌ಗಿಂತ ಕೆಳಗಿನದು), ಆದರೆ ಸೀಟು ಪಾಯಿಂಟ್ ಮೇಲೆ. ಸ್ಟೇಟ್ ಯೂನಿವರ್ಸಿಟಿಯ ಬಿಎಸ್‌ಎನ್ (ನರ್ಸಿಂಗ್‌ನ ಬ್ಯಾಚುಲರ್ ಡಿಗ್ರಿ), ಜೂನಿಯರ್ ಟ್ರಾನ್ಸ್‌ಫರ್ (ನೇರವಾಗಿ ಮೂರನೆಯ ವರ್ಷಕ್ಕೆ) ಆಗಿ ಪ್ರವೇಶ ಸಿಕ್ಕಿದೆ. ಖಾಸಗಿ ಕಾಲೇಜಿನ ಬಿಎಸ್‌ಎನ್, 20 ತಿಂಗಳಲ್ಲಿ ಮುಗಿಯುತ್ತದಂತೆ, ಒಟ್ಟು 1,15,000 ಡಾಲರ್, ನನ್ನ ಕ್ರೆಡಿಟ್ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರಂತೆ. ಎಡಿಎನ್ ಮಾಡಿದರೆ ಅರ್ಧ ನರ್ಸ್ ಅಂತ ಪರಿಚಯದವರು ಹೇಳುತ್ತಾರೆ. ಖಾಸಗಿಯಲ್ಲಿ ಈಗಲೇ ಸೇರಿ ಒಂದು ವರ್ಷದ ನಂತರ ಸ್ಟೇಟ್‌ಗೆ ಬದಲಾಯಿಸಿಕೊಳ್ಳಬಹುದೇ? ಯಾವುದನ್ನು ಹಿಡಿಯಲಿ?

ಉತ್ತರ: ಶುಲ್ಕ, ಅವಧಿ, ಡಿಗ್ರಿಯ ಹೆಸರು ಎಲ್ಲವನ್ನೂ ಬರೆದಿದ್ದೀರಿ. ಯಾವ ದಾರಿಯಲ್ಲಿ ಹೋದರೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಯಾವ ತಿಂಗಳು ಕೈಗೆ ಬರುತ್ತದೆ ಎನ್ನುವುದೊಂದನ್ನು ಬರೆದಿಲ್ಲ. ಲೆಕ್ಕ ಅಲ್ಲಿಂದ ಶುರುವಾಗಬೇಕು. ಕಾಲೇಜು ನಿಮ್ಮನ್ನು ಸೇರಿಸಿಕೊಂಡ ದಿನ, ನರ್ಸಿಂಗ್ ತರಗತಿಯಲ್ಲಿ ನೀವು ಕೂರುವ ದಿನ, ಲೈಸೆನ್ಸ್ ಬರುವ ದಿನ, ಇವು ಮೂರು ಬೇರೆ ಬೇರೆ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳು ಏಟು ತಿನ್ನುವುದು ಬಹುಪಾಲು ಮೊದಲನೆಯ ದಿನಕ್ಕೂ ಎರಡನೆಯ ದಿನಕ್ಕೂ ನಡುವೆ.

ಮೊದಲು ಆ ‘ಅರ್ಧ ನರ್ಸ್’ ಮಾತನ್ನು ಮುಗಿಸಿಬಿಡೋಣ. ಎಡಿಎನ್ ಮಾಡಿದವರಿಗೂ ಬಿಎಸ್‌ಎನ್ ಮಾಡಿದವರಿಗೂ ಎನ್‌ಕ್ಲೆಕ್ಸ್ ಎನ್ನುವ ಲೈಸೆನ್ಸ್ ಪರೀಕ್ಷೆ ಒಂದೇ. ಕಂಪ್ಯೂಟರ್ ಮುಂದೆ ಐದು ಗಂಟೆ, ಕನಿಷ್ಠ 85 ಪ್ರಶ್ನೆ, ಗರಿಷ್ಠ 150. ಪಾಸಾದರೆ ಸಿಗುವ ಲೈಸೆನ್ಸ್ ಕೂಡ ಒಂದೇ. ಅದರ ಮೇಲೆ ಡಿಗ್ರಿಯ ಹೆಸರು ಇರುವುದಿಲ್ಲ. ವಾರ್ಡಿನಲ್ಲಿ ಔಷಧಿ ಕೊಡುವುದು, ಐವಿ ಹಾಕುವುದು, ರೋಗಿಯ ಸ್ಥಿತಿ ಕೆಡುತ್ತಿದೆ ಅಂತ ಡಾಕ್ಟರನ್ನು ಕರೆಸುವುದು, ಯಾವುದರಲ್ಲೂ ಕಾನೂನು ಇಬ್ಬರಿಗೂ ಭೇದ ಮಾಡಿಲ್ಲ.

ಹಾಗಂತ ಬಿಎಸ್‌ಎನ್‌ಗೆ ಬೆಲೆ ಇಲ್ಲ ಎಂದಲ್ಲ, ಬೆಲೆ ಚೆನ್ನಾಗಿಯೇ ಇದೆ. 2003ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಬ್ಯಾಚುಲರ್ ಡಿಗ್ರಿ ಇರುವ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದ ಕಡೆ 30 ದಿನಗಳೊಳಗಿನ ಸಾವಿನ ಸಂಭವ ಶೇ. 5ರಷ್ಟು ಕಡಿಮೆ ಇತ್ತು. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2020ರ ಹೊತ್ತಿಗೆ ಶೇ. 80 ನರ್ಸ್‌ಗಳಿಗೆ ಬ್ಯಾಚುಲರ್ ಡಿಗ್ರಿ ಇರಬೇಕೆಂದು ಶಿಫಾರಸು ಮಾಡಿತು. ಅಲ್ಲಿಂದ ದೊಡ್ಡ ಆಸ್ಪತ್ರೆಗಳ ನೇಮಕಾತಿ ಬದಲಾಯಿತು. ಒಳ್ಳೆಯ ನರ್ಸಿಂಗ್‌ಗೆ ಆಸ್ಪತ್ರೆಗಳಿಗೆ ಕೊಡುವ ‘ಮ್ಯಾಗ್ನೆಟ್’ ಮನ್ನಣೆ ಬೇಕಾದ ಆಸ್ಪತ್ರೆಯಲ್ಲಿ ನರ್ಸ್ ಮ್ಯಾನೇಜರ್‌ಗಳಿಗೆ ಬ್ಯಾಚುಲರ್ ಅಥವಾ ಅದಕ್ಕೂ ಮೇಲಿನ ನರ್ಸಿಂಗ್ ಡಿಗ್ರಿ ಇರಲೇಬೇಕು. ನ್ಯೂಯಾರ್ಕ್ ರಾಜ್ಯದಲ್ಲಂತೂ 2017ರ ಕಾನೂನಿನಂತೆ ಹೊಸ ಆರ್‌ಎನ್‌ಗಳು ಲೈಸೆನ್ಸ್ ಪಡೆದ ಹತ್ತು ವರ್ಷದೊಳಗೆ ಬಿಎಸ್‌ಎನ್ ಮುಗಿಸಬೇಕು. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾನೂನಿಲ್ಲ. ಆದರೆ ಪಬ್ಲಿಕ್ ಹೆಲ್ತ್ ನರ್ಸ್ ಸರ್ಟಿಫಿಕೇಟ್‌ಗೆ ಬ್ಯಾಚುಲರ್ ಡಿಗ್ರಿ ಬೇಕು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ದೊಡ್ಡ ಆಸ್ಪತ್ರೆಗಳು ಹೊಸ ನರ್ಸ್‌ಗಳನ್ನು ತೆಗೆದುಕೊಳ್ಳುವಾಗ ಬಿಎಸ್‌ಎನ್ ಇರುವವರನ್ನೇ ಮೊದಲು ಕರೆಯುತ್ತವೆ. ಒಳನಾಡಿನ ಸೆಂಟ್ರಲ್ ವ್ಯಾಲಿಯ ಕಡೆ ಹೋದರೆ ಆ ಬಿಗಿ ಇಲ್ಲ.

ಆದ್ದರಿಂದ ಬಿಎಸ್‌ಎನ್ ಬೇಕೋ ಬೇಡವೋ ಎನ್ನುವುದು ನಿಮ್ಮ ಪ್ರಶ್ನೆ ಆಗಬಾರದು. ಬೇಕು. ಅದು ಲೈಸೆನ್ಸ್‌ಗಿಂತ ಮೊದಲು ಬರಬೇಕೋ, ಲೈಸೆನ್ಸ್ ಕೈಯಲ್ಲಿಟ್ಟುಕೊಂಡು ಸಂಬಳ ಎಣಿಸುತ್ತಾ ಮಾಡಬಹುದೋ, ಅದನ್ನು ಕೇಳಿಕೊಳ್ಳಿ. ಇಲ್ಲಿ ನಿಮ್ಮ ಮೊದಲ ದಾರಿಗೆ ಒಂದು ಬಲ ಇದೆ, ನೀವು ಗಮನಿಸಿದಂತಿಲ್ಲ. ಕ್ಯಾಲಿಫೋರ್ನಿಯಾದ ಅನೇಕ ಕಮ್ಯುನಿಟಿ ಕಾಲೇಜುಗಳು ಹತ್ತಿರದ ಸ್ಟೇಟ್ ಯೂನಿವರ್ಸಿಟಿಯ ಜೊತೆ ಕನ್‌ಕರೆಂಟ್ ಎನ್‌ರೋಲ್‌ಮೆಂಟ್ ಒಪ್ಪಂದ ಮಾಡಿಕೊಂಡಿವೆ. ಎಡಿಎನ್ ಓದುತ್ತಿರುವಾಗಲೇ, ಹೆಚ್ಚಾಗಿ ಬೇಸಿಗೆಯಲ್ಲಿ, ಬಿಎಸ್‌ಎನ್‌ನ ಕೆಲವು ಕೋರ್ಸ್ ಮುಗಿಸಿಕೊಳ್ಳುತ್ತೀರಿ. ಎಡಿಎನ್ ಆದ ಮೇಲೆ ಲೈಸೆನ್ಸ್ ಪಡೆದು, ಕೆಲಸ ಹುಡುಕುತ್ತಾ ಅಥವಾ ಮಾಡುತ್ತಾ, ಉಳಿದದ್ದನ್ನು ಸುಮಾರು ಒಂದು ವರ್ಷದೊಳಗೆ ಮುಗಿಸುತ್ತೀರಿ. ನಿಮ್ಮ ಕಾಲೇಜಿಗೆ ಈ ಒಪ್ಪಂದ ಇದೆಯೇ, ಇದ್ದರೆ ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನಕ್ಕೆ, ನರ್ಸಿಂಗ್ ವಿಭಾಗದಲ್ಲೇ ಕೇಳಿ. ಜನರಲ್ ಕೌನ್ಸೆಲಿಂಗ್ ಕೌಂಟರಿನವರಿಗೆ ಎಷ್ಟೋ ಸಲ ಇದರ ಪೂರ್ತಿ ವಿವರ ಗೊತ್ತಿರುವುದಿಲ್ಲ.

ಇನ್ನು ಸ್ಟೇಟ್ ಯೂನಿವರ್ಸಿಟಿಯ ಪತ್ರ. ಅದನ್ನು ಮತ್ತೆ ತೆಗೆದು ‘ಮೇಜರ್’ ಎನ್ನುವ ಸಾಲನ್ನು ನೋಡಿ. ಅಲ್ಲಿ ‘ನರ್ಸಿಂಗ್’ ಅಂತಿದೆಯೋ, ‘ಪ್ರಿ-ನರ್ಸಿಂಗ್’ ಅಂತಿದೆಯೋ? ಎರಡಕ್ಕೂ ನೆಲ ಮುಗಿಲಿನ ಅಂತರ. ‘ಪ್ರಿ-ನರ್ಸಿಂಗ್’ ಅಂದರೆ ಯೂನಿವರ್ಸಿಟಿ ನಿಮ್ಮನ್ನು ಸೇರಿಸಿಕೊಂಡಿದೆ, ನರ್ಸಿಂಗ್ ವಿಭಾಗ ಸೇರಿಸಿಕೊಂಡಿಲ್ಲ. ಒಳಗೆ ಹೋಗಿ ಮತ್ತೆ ಅರ್ಜಿ ಹಾಕಬೇಕು, ಅಲ್ಲಿಯ ವಿದ್ಯಾರ್ಥಿಗಳ ಜೊತೆ ಜಿಪಿಎ (ಗ್ರೇಡ್‌ಗಳ ಸರಾಸರಿ), ಪ್ರವೇಶ ಪರೀಕ್ಷೆ ಎಲ್ಲದರಲ್ಲೂ ಪೈಪೋಟಿ ಮಾಡಬೇಕು. ಸಿಗದಿದ್ದರೆ? ಎರಡು ಸೆಮಿಸ್ಟರ್ ಶುಲ್ಕ ಕಟ್ಟಿ, ಬೇಕಿಲ್ಲದ ಅಪ್ಪರ್ ಡಿವಿಷನ್ (ಕೊನೆಯ ಎರಡು ವರ್ಷದ ಮಟ್ಟದ) ಯೂನಿಟ್ ಗುಡ್ಡೆ ಹಾಕಿಕೊಂಡು, ಹೆಲ್ತ್ ಸೈನ್ಸ್ ಅಂಥದ್ದೇನಾದರೂ ಮೇಜರ್‌ಗೆ ಬದಲಾಯಿಸಿಕೊಳ್ಳಿ ಅನ್ನುತ್ತಾರೆ. ಬುದ್ಧಿವಂತ ಮಕ್ಕಳೇ ಈ ಹೊಂಡಕ್ಕೆ ಬೀಳುವುದನ್ನು ಪ್ರವೇಶ ಸಮಿತಿಯಲ್ಲಿ ಕೂತು ನೋಡಿದ್ದೇನೆ. ಪತ್ರದಲ್ಲಿ ‘ಅಭಿನಂದನೆಗಳು’ ಎನ್ನುವುದು ದಪ್ಪ ಅಕ್ಷರದಲ್ಲಿರುತ್ತದೆ, ಮೇಜರ್ ಸಾಲು ಮೂರನೆಯ ಪ್ಯಾರಾದಲ್ಲಿ ಅಡಗಿರುತ್ತದೆ.

ಆ ಸಾಲಿನಲ್ಲಿ ‘ನರ್ಸಿಂಗ್’ ಅಂತಲೇ ಇದ್ದು, ಕ್ಲಿನಿಕಲ್ (ಆಸ್ಪತ್ರೆಯಲ್ಲಿನ ತರಬೇತಿ) ಬ್ಯಾಚ್ ಶುರುವಾಗುವ ಸೆಮಿಸ್ಟರ್ ಕೂಡ ಬರೆದಿದ್ದರೆ ಇಷ್ಟು ದೀರ್ಘವಾಗಿ ಯೋಚಿಸಬೇಕಾಗಿಯೇ ಇಲ್ಲ. ಸ್ಟೇಟ್ ಯೂನಿವರ್ಸಿಟಿಯ ಟ್ಯೂಷನ್ 2025–26ರಲ್ಲಿ ವರ್ಷಕ್ಕೆ 6,450 ಡಾಲರ್, ಕ್ಯಾಂಪಸ್ ಶುಲ್ಕ ಬೇರೆ. ಆ ದುಡ್ಡಿಗೆ ಬಿಎಸ್‌ಎನ್ ಸಿಕ್ಕರೆ ಬಿಡಬೇಡಿ.

ಈಗ ಕ್ರೆಡಿಟ್ ವಿಷಯಕ್ಕೆ ಬರೋಣ. ಖಾಸಗಿ ಕಾಲೇಜಿನವರು ‘ಎಲ್ಲವನ್ನೂ ಒಪ್ಪಿಕೊಳ್ಳುತ್ತೇವೆ’ ಅಂದರಂತೆ. ಒಪ್ಪಿಕೊಳ್ಳುವುದು ಸುಲಭ. ಒಪ್ಪಿಕೊಂಡು ಎಲ್ಲಿ ಇಟ್ಟರು ಅನ್ನುವುದನ್ನು ನೋಡಬೇಕು. ನಿಮ್ಮ ಮೈಕ್ರೋಬಯಾಲಜಿಯನ್ನು ಮೈಕ್ರೋಬಯಾಲಜಿಯ ಜಾಗದಲ್ಲೇ ಇಟ್ಟರೆ ಸರಿ. ‘ಜನರಲ್ ಎಲೆಕ್ಟಿವ್’ ಕಾಲಂನಲ್ಲಿ ಹಾಕಿ, ಅವರ ಮೈಕ್ರೋಬಯಾಲಜಿಯನ್ನು ಮತ್ತೆ ಮಾಡಿ ಅಂದರೂ ಅವರ ಲೆಕ್ಕದಲ್ಲಿ ಅದು ‘ಒಪ್ಪಿಕೊಂಡ’ ಕ್ರೆಡಿಟ್ಟೇ. ಆದ್ದರಿಂದ ಎಷ್ಟು ಯೂನಿಟ್ ಬಂತು ಅಂತ ಕೇಳಬೇಡಿ, ಇನ್ನು ಎಷ್ಟು ಉಳಿಯಿತು ಅಂತ ಕೇಳಿ. ಸೇರುವ ಮೊದಲೇ ಡಿಗ್ರಿ ಆಡಿಟ್ ಒಂದನ್ನು ಕೇಳಿ ತೆಗೆಸಿಕೊಳ್ಳಬಹುದು. ಅದರಲ್ಲಿ ಪ್ರತಿ ಅವಶ್ಯಕತೆಯ ಎದುರು ನಿಮ್ಮ ಯಾವ ಕೋರ್ಸ್ ಕೂತಿದೆ, ಯಾವುದು ಖಾಲಿ ಇದೆ ಅಂತ ಸಾಲು ಸಾಲಾಗಿ ಇರುತ್ತದೆ. ದುಡ್ಡು ಕಟ್ಟಿದ ಮೇಲೆ ಕೊಡುತ್ತೇವೆ ಅನ್ನುವ ಕಾಲೇಜಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಸ್ಟೇಟ್ ಯೂನಿವರ್ಸಿಟಿಗಾದರೆ ಇದನ್ನು ನೀವೇ ಮನೆಯಲ್ಲಿ ಕೂತು ನೋಡಬಹುದು. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳ ನಡುವಿನ ಕೋರ್ಸ್ ಹೊಂದಾಣಿಕೆಗೆ ‘ಅಸಿಸ್ಟ್’ ಎನ್ನುವ ಉಚಿತ ಜಾಲತಾಣವಿದೆ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ನರ್ಸಿಂಗ್ ಮೇಜರ್, ನೀವು ಕೋರ್ಸ್ ಮಾಡಿದ ವರ್ಷ ಕೊಟ್ಟರೆ ಎಡಗಡೆ ಅವರ ಕೋರ್ಸ್, ಬಲಗಡೆ ನಿಮ್ಮದು ಬರುತ್ತದೆ. ಖಾಸಗಿ ಕಾಲೇಜುಗಳ ಜೊತೆಗಿನ ಮೇಜರ್ ಹೊಂದಾಣಿಕೆ ಅದರಲ್ಲಿ ಸಿಗುವುದಿಲ್ಲ.

ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ತೊಡಕಿರುವುದು ಎರಡು ಕಡೆ. ಮೊದಲನೆಯದು ಯೂನಿಟ್. ಕ್ವಾರ್ಟರ್‌ನಿಂದ ಸೆಮಿಸ್ಟರ್‌ಗೆ ಬರುವಾಗ ಮೂರನೇ ಎರಡು ಭಾಗ ಮಾತ್ರ ಉಳಿಯುತ್ತದೆ. ನಿಮ್ಮ 78 ಅಲ್ಲಿ 52. ಐದು ಯೂನಿಟ್‌ನ ಕೋರ್ಸ್ 3.33 ಆಗುತ್ತದೆ, ಅಲ್ಲಿ ನಾಲ್ಕು ಯೂನಿಟ್ ಬೇಕೆಂದಿದ್ದರೆ ವಿಷಯ ಸರಿಹೊಂದಿದರೂ ಒಟ್ಟು ಮೊತ್ತದಲ್ಲಿ ಚೂರು ಚೂರೇ ಕೊರತೆ ಬೀಳುತ್ತದೆ. ಡಿಗ್ರಿಗೆ 120 ಸೆಮಿಸ್ಟರ್ ಯೂನಿಟ್ ಬೇಕು, ಜೂನಿಯರ್ ಟ್ರಾನ್ಸ್‌ಫರ್ ಅಂದರೆ 60 ಇರಬೇಕು. ನಿಮ್ಮ 52ಕ್ಕೆ ಉಳಿದ ಎಂಟನ್ನು ಅವರು ಎಲ್ಲಿಂದ ಲೆಕ್ಕ ಹಾಕಿದ್ದಾರೆ? ಬಹುಶಃ ನಿಮ್ಮ ಬಿಎಸ್ಸಿಯಿಂದ. ಹಾಗಾದರೆ ಆ ಮೌಲ್ಯಮಾಪನ ಅಂತಿಮವೋ ತಾತ್ಕಾಲಿಕವೋ ಕೇಳಿ. ತಾತ್ಕಾಲಿಕ ಅಂದರೆ ಆಮೇಲೆ ಪ್ರವೇಶ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಅವರಿಗಿರುತ್ತದೆ.

ಎರಡನೆಯದು ಅನಾಟಮಿ-ಫಿಸಿಯಾಲಜಿ. ಇದು ನನಗೆ ಹೆಚ್ಚು ಚಿಂತೆ ತಂದ ವಿಷಯ. ಮೂರು ಭಾಗದ ಸರಣಿಯಲ್ಲಿ ಎರಡನ್ನು ಒಂದು ಕಡೆ, ಕೊನೆಯದನ್ನು ಇನ್ನೊಂದು ಕಡೆ ಮಾಡಿದ್ದೀರಿ. ಒಂದೊಂದು ಕಾಲೇಜು ದೇಹದ ಅಂಗವ್ಯೂಹಗಳನ್ನು ಒಂದೊಂದು ಕ್ರಮದಲ್ಲಿ ಹಂಚಿರುತ್ತದೆ. ಇಲ್ಲಿಯ ಮೂರನೆಯ ಭಾಗದಲ್ಲಿ ಮೂತ್ರಪಿಂಡ, ಸಂತಾನೋತ್ಪತ್ತಿ ಇದ್ದರೆ ಅಲ್ಲಿಯದರಲ್ಲಿ ಹೃದಯ, ರಕ್ತನಾಳ ಇರಬಹುದು. ಒಂದು ವ್ಯೂಹ ಎರಡು ಸಲ ಓದಿ ಇನ್ನೊಂದು ಬಿಟ್ಟೇ ಹೋದಂತಾಗುತ್ತದೆ. ಅದಕ್ಕೇ ಅನೇಕ ನರ್ಸಿಂಗ್ ವಿಭಾಗಗಳು ಸರಣಿ ಪೂರ್ತಿ ಒಂದೇ ಕಾಲೇಜಿನದ್ದಾಗಿರಬೇಕು ಅನ್ನುತ್ತವೆ. ಅದರ ಮೇಲೆ ಆನ್‌ಲೈನ್ ಲ್ಯಾಬ್. ಕೆಲವರು ಒಪ್ಪುತ್ತಾರೆ, ಕೆಲವರು ಮುಖಾಮುಖಿ ಲ್ಯಾಬ್ ಬಿಟ್ಟು ಬೇರೆ ಮಾತೇ ಇಲ್ಲ ಅನ್ನುತ್ತಾರೆ. ಇವೆರಡೂ ಸಾಲದು ಎಂಬಂತೆ ಅವಧಿ. ವಿಜ್ಞಾನದ ಕೋರ್ಸ್‌ಗಳು ಐದು ವರ್ಷದೊಳಗಿನವಾಗಿರಬೇಕು ಅಂತ ಕೆಲವು ಕಡೆ, ಏಳು ವರ್ಷ ಅಂತ ಕೆಲವು ಕಡೆ, ಮಿತಿಯೇ ಇಲ್ಲದ ಕಡೆಯೂ ಉಂಟು. ಆ ವರ್ಷಗಳನ್ನು ಅರ್ಜಿ ಹಾಕುವ ದಿನದಿಂದ ಎಣಿಸುತ್ತಾರೋ ತರಗತಿ ಶುರುವಾಗುವ ದಿನದಿಂದಲೋ, ಅದೂ ಬೇರೆ ಬೇರೆ. ನಿಮ್ಮ ಮಟ್ಟಿಗೆ ಆ ಕೆಲವು ತಿಂಗಳೇ ನಿರ್ಣಾಯಕ. ಅಗತ್ಯ ಬಿದ್ದರೆ ಆ ಒಂದು ಭಾಗವನ್ನು ನಿಮ್ಮ ಕಾಲೇಜಿನಲ್ಲೇ ಇನ್ನೊಮ್ಮೆ ಮಾಡಿ. ಬೇಜಾರೇ, ಗೊತ್ತು. ಆದರೆ ಹನ್ನೆರಡು ವಾರದ ಆ ಕೋರ್ಸ್ ಮೂರೂ ಬಾಗಿಲನ್ನು ತೆರೆದಿಡುತ್ತದೆ. ಒಳ್ಳೆಯ ಗ್ರೇಡ್ ಇರುವ ಕೋರ್ಸನ್ನು ಮತ್ತೆ ಮಾಡಲು ಕಾಲೇಜು ಸುಮ್ಮನೆ ಬಿಡುವುದಿಲ್ಲ; ಅವಧಿ ಮೀರಿದೆ ಎನ್ನುವ ಕಾರಣ ತೋರಿಸಿ ಅನುಮತಿ ಪಡೆಯಬೇಕಾಗುತ್ತದೆ.

ನಿಮ್ಮ ಮೈಸೂರಿನ ಬಿಎಸ್ಸಿಯನ್ನು ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅದು ಅಷ್ಟು ಸಣ್ಣ ವಿಷಯವಲ್ಲ. ಇಲ್ಲಿಯ ಬ್ಯಾಚುಲರ್ ಡಿಗ್ರಿ ನಾಲ್ಕು ವರ್ಷದ್ದು. ಮೂರು ವರ್ಷದ ಭಾರತೀಯ ಡಿಗ್ರಿಯನ್ನು ಕೆಲವು ಮೌಲ್ಯಮಾಪನ ಸಂಸ್ಥೆಗಳು ಪೂರ್ತಿ ಬ್ಯಾಚುಲರ್ ಎನ್ನುತ್ತವೆ, ಕೆಲವು ಮೂರು ವರ್ಷದ ಓದು ಎಂದಷ್ಟೇ ಬರೆಯುತ್ತವೆ. ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನಂಥ ಸಂಸ್ಥೆ ನಿಮ್ಮ ಕಾಲೇಜಿನ ನ್ಯಾಕ್ (ಭಾರತದ ಕಾಲೇಜು ಮೌಲ್ಯಮಾಪನ ಮಂಡಳಿಯ) ಶ್ರೇಣಿ, ನಿಮ್ಮ ದರ್ಜೆ ಇವನ್ನೂ ನೋಡುತ್ತದೆ. ಇದರಿಂದ ಎರಡು ಪರಿಣಾಮ. ಅದು ಬ್ಯಾಚುಲರ್‌ಗೆ ಸಮ ಎಂದಾದರೆ ಆಕ್ಸಿಲರೇಟೆಡ್ ಬಿಎಸ್‌ಎನ್ ಎನ್ನುವ ನಾಲ್ಕನೆಯ ದಾರಿ ತೆರೆಯುತ್ತದೆ: ಬೇರೆ ವಿಷಯದಲ್ಲಿ ಡಿಗ್ರಿ ಇರುವವರಿಗೆಂದೇ ಇರುವ, 11ರಿಂದ 18 ತಿಂಗಳ, ಉಸಿರಾಡಲೂ ಬಿಡದ ಕೋರ್ಸ್. ಆದರೆ ಅದೇ ಕಾರಣಕ್ಕೆ ಪೆಲ್ ಗ್ರಾಂಟ್ ತಪ್ಪುತ್ತದೆ. ವರ್ಷಕ್ಕೆ ಗರಿಷ್ಠ 7,395 ಡಾಲರ್‌ನ ಆ ಸಹಾಯಧನ, ಕುಟುಂಬದ ಆದಾಯ ಮಿತಿಯೊಳಗಿದ್ದರೂ, ಈಗಾಗಲೇ ಬ್ಯಾಚುಲರ್ ಪಡೆದವರಿಗೆ ಇಲ್ಲ. ವಿದೇಶಿ ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಸಮ ಅಲ್ಲ ಎಂದು ಲಿಖಿತ ದಾಖಲೆ ಇದ್ದರೆ ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿ ಪರಿಶೀಲಿಸಿ ನಿರ್ಧರಿಸುತ್ತದೆ. ಹಾಗಂತ ಪ್ರವೇಶದ ಕಚೇರಿಗೆ ಡಿಗ್ರಿ ಇದೆ ಎಂದೂ, ಏಡ್ ಕಚೇರಿಗೆ ಇಲ್ಲ ಎಂದೂ ಹೇಳಲು ಹೋಗಬೇಡಿ. ಒಂದೇ ಕೋರ್ಸ್-ಬೈ-ಕೋರ್ಸ್ ವರದಿ ತರಿಸಿ, ಎಲ್ಲರಿಗೂ ಅದನ್ನೇ ಕೊಡಿ.

ಆಕ್ಸಿಲರೇಟೆಡ್ ದಾರಿಯನ್ನು ನಿಮಗೆ ನಾನು ಹೇಳುವುದಿಲ್ಲ. ಐದು ವರ್ಷದ ಮಗು ಮನೆಯಲ್ಲಿದ್ದಾಗ, ಹತ್ತಿರದಲ್ಲಿ ಅಜ್ಜಿ ತಾತ ಯಾರೂ ಇಲ್ಲದಾಗ ಅದು ಬಹಳ ಕಷ್ಟ. ಊರಿಂದ ಅಮ್ಮ ಬಂದು ಆರು ತಿಂಗಳು ಇರುತ್ತಾರೆ ಅಂದರೂ ಕೋರ್ಸ್ ಅದಕ್ಕಿಂತ ಉದ್ದ.

ಖಾಸಗಿ ಕಾಲೇಜಿಗೆ ಬರೋಣ. ಖಾಸಗಿ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಸರುವಾಸಿ ಖಾಸಗಿ ನರ್ಸಿಂಗ್ ಶಾಲೆಗಳೂ ಇವೆ. ಆದರೆ ಪರೀಕ್ಷಿಸದೆ ಸಹಿ ಹಾಕುವಂತಿಲ್ಲ. ಮೊದಲು ಮಾನ್ಯತೆ, ಅದೂ ಮೂರು ಪದರ. ರಾಜ್ಯದ ಬೋರ್ಡ್ ಆಫ್ ರಿಜಿಸ್ಟರ್ಡ್ ನರ್ಸಿಂಗ್‌ನ ಅನುಮೋದಿತ ಪಟ್ಟಿಯಲ್ಲಿ ಹೆಸರಿರಬೇಕು; ಇಲ್ಲದಿದ್ದರೆ ಎನ್‌ಕ್ಲೆಕ್ಸ್‌ಗೆ ಕೂರುವುದೇ ಕಷ್ಟ. ಯಾವ ಶಾಲೆಗೆ ‘ವಾರ್ನಿಂಗ್’ ಸ್ಥಿತಿ ಎಂಬುದನ್ನೂ ಬೋರ್ಡ್ ಪ್ರಕಟಿಸುತ್ತದೆ, ಅದನ್ನೂ ನೋಡಿ. ಎರಡನೆಯದು ನರ್ಸಿಂಗ್ ಕೋರ್ಸಿನ ರಾಷ್ಟ್ರೀಯ ಮಾನ್ಯತೆ, ಬಿಎಸ್‌ಎನ್‌ಗೆ ಸಾಮಾನ್ಯವಾಗಿ ಸಿಸಿಎನ್ಇ ಅಥವಾ ಎಸಿಇಎನ್ ಎಂಬ ಸಂಸ್ಥೆಯದ್ದು. ಮೂರನೆಯದು ಇಡೀ ಸಂಸ್ಥೆಯ ಮಾನ್ಯತೆ. ಮುಂದೆ ಎಂಎಸ್‌ಎನ್ (ನರ್ಸಿಂಗ್‌ನ ಮಾಸ್ಟರ್ಸ್), ನರ್ಸ್ ಪ್ರಾಕ್ಟೀಷನರ್ ಅಂತ ಆಸೆ ಹುಟ್ಟಿದಾಗ ಈ ಎರಡನೆಯ, ಮೂರನೆಯ ಪದರಗಳೇ ಅಡ್ಡ ಬರುವುದು. ಅಂದ ಹಾಗೆ, ಈ ಪ್ರಶ್ನೆಯನ್ನು ನಿಮ್ಮ ಕಮ್ಯುನಿಟಿ ಕಾಲೇಜಿಗೂ ಕೇಳಿ. ಕ್ಯಾಲಿಫೋರ್ನಿಯಾದ ಎಷ್ಟೋ ಎಡಿಎನ್ ಕೋರ್ಸ್‌ಗಳಿಗೆ ರಾಜ್ಯ ಬೋರ್ಡಿನ ಅನುಮೋದನೆ ಇದೆ, ರಾಷ್ಟ್ರೀಯ ನರ್ಸಿಂಗ್ ಮಾನ್ಯತೆ ಇಲ್ಲ. ರಾಜ್ಯದೊಳಗೆ ಕೆಲಸ ಮಾಡಲು ತೊಂದರೆ ಇಲ್ಲ, ಆದರೆ ಮಾಜಿ ಸೈನಿಕರ (ವೆಟರನ್ಸ್) ಆಸ್ಪತ್ರೆಗಳಂಥ ಕಡೆ ಕೇಳುತ್ತಾರೆ.

ಆಮೇಲೆ ಪಾಸ್ ರೇಟ್. ಜಾಹೀರಾತಿನಲ್ಲಿ ಶೇ. 94 ಅಂತ ಹಾಕಿಕೊಂಡಿರುತ್ತಾರೆ. ಆ ಅಂಕಿ ಸುಳ್ಳಲ್ಲ, ಆದರೆ ಅರ್ಧ ಕಥೆ. ಒಂದು ಉದಾಹರಣೆ ನೋಡಿ. ಬ್ಯಾಚಿಗೆ 60 ಜನ ಸೇರಿದರು. ಮಧ್ಯದಲ್ಲಿ ಫೇಲಾದವರು, ದುಡ್ಡು ಸಾಲದೆ ಬಿಟ್ಟವರು, ಕೊನೆಯ ಸೆಮಿಸ್ಟರಿನ ಎಕ್ಸಿಟ್ ಪರೀಕ್ಷೆಯಲ್ಲಿ ತಡೆಹಿಡಿಯಲ್ಪಟ್ಟವರು ಹೋಗಿ 36 ಜನ ಎನ್‌ಕ್ಲೆಕ್ಸ್ ಬರೆದರು. 34 ಜನ ಮೊದಲ ಸಲವೇ ಪಾಸ್. ಪಾಸ್ ರೇಟ್ ಶೇ. 94. ಆದರೆ ಶುಲ್ಕ ಕಟ್ಟಿ ಒಳಗೆ ಬಂದ 60 ಜನರಲ್ಲಿ ನರ್ಸ್ ಆದವರು ಶೇ. 57 ಮಾತ್ರ. ಉಳಿದ 26 ಜನರ ಸಾಲ ಯಾವ ಬ್ರೋಶರಿನಲ್ಲೂ ಇರುವುದಿಲ್ಲ. ಆದ್ದರಿಂದ ಮೂರು ಸಂಖ್ಯೆ ಕೇಳಿ: ಎಷ್ಟು ಜನ ಸೇರಿದರು, ಎಷ್ಟು ಜನ ಹೇಳಿದ ಅವಧಿಯಲ್ಲೇ ಮುಗಿಸಿದರು, ಎಷ್ಟು ಜನ ಪಾಸಾದರು. ಕನಿಷ್ಠ ಮೂರು ವರ್ಷದ್ದು ಕೇಳಿ, ಯಾಕೆಂದರೆ ದೇಶದ ಸರಾಸರಿಯೇ ಏರಿಳಿಯುತ್ತದೆ. ಅಮೆರಿಕದಲ್ಲಿ ಓದಿ ಮೊದಲ ಸಲ ಬರೆದವರಲ್ಲಿ 2022ರಲ್ಲಿ ಸುಮಾರು ಶೇ. 80 ಜನ ಪಾಸಾಗಿದ್ದರೆ, ಪರೀಕ್ಷೆಯ ಹೊಸ ರೂಪ 2023ರ ಏಪ್ರಿಲ್‌ನಲ್ಲಿ ಬಂದ ಮೇಲೆ, 2024ರಲ್ಲಿ ಆ ಪ್ರಮಾಣ ಶೇ. 91ಕ್ಕೆ ಹೋಯಿತು. ಎಲ್ಲರೂ ಏರಿದ ವರ್ಷದಲ್ಲಿ ‘ನಮ್ಮ ಪಾಸ್ ರೇಟ್ ಏರಿತು’ ಅಂದರೆ ಹೆಚ್ಚುಗಾರಿಕೆ ಏನಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಅನುಕೂಲ ಇದೆ. ರಾಜ್ಯದ ಖಾಸಗಿ ಶಿಕ್ಷಣ ಬ್ಯೂರೋದ ಅಡಿ ಬರುವ ಕಾಲೇಜುಗಳು ನಿಮ್ಮ ಸಹಿ ತೆಗೆದುಕೊಳ್ಳುವ ಮೊದಲು ‘ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್’ ಕೊಡಲೇಬೇಕು. ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಲೈಸೆನ್ಸ್ ಪರೀಕ್ಷೆ ಫಲಿತಾಂಶ, ಎಲ್ಲ ಅದರಲ್ಲಿರುತ್ತದೆ. ಕಾಗದದ ರಾಶಿಯಲ್ಲಿ ‘ಇಲ್ಲೊಂದು ಇನಿಷಿಯಲ್ ಹಾಕಿ’ ಅಂತ ಸರಿಸಿಬಿಡುತ್ತಾರೆ. ಮನೆಗೆ ತಂದು ಓದಿ.

ಅವರ ಕ್ಯಾಟಲಾಗ್‌ನಲ್ಲೇ ಇನ್ನೊಂದು ನೋಟಿಸ್ ಇರುತ್ತದೆ: ಇಲ್ಲಿ ಗಳಿಸಿದ ಕ್ರೆಡಿಟ್ ಬೇರೆಡೆ ನಡೆಯುತ್ತದೋ ಇಲ್ಲವೋ ಅದು ಆ ಬೇರೆ ಸಂಸ್ಥೆಯ ಇಷ್ಟಕ್ಕೆ ಬಿಟ್ಟದ್ದು ಎಂದು. ಖಾಸಗಿಯಲ್ಲಿ ಸೇರಿ ಒಂದು ವರ್ಷದ ನಂತರ ಸ್ಟೇಟ್‌ಗೆ ಹೋಗಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಹೋಗಲಾಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸಾಮಾನ್ಯ ವಿಷಯಗಳು ವರ್ಗವಾಗುತ್ತವೆ, ನರ್ಸಿಂಗ್ ವಿಷಯಗಳು ಆಗುವುದಿಲ್ಲ. ಒಂದು ಶಾಲೆ ಮೊದಲ ವರ್ಷದಲ್ಲೇ ಹೆರಿಗೆ, ಮಕ್ಕಳ ಶುಶ್ರೂಷೆ ಮುಗಿಸಿರುತ್ತದೆ, ಇನ್ನೊಂದರಲ್ಲಿ ಅವು ಎರಡನೆಯ ವರ್ಷಕ್ಕೆ. ಕೆಲವು ಕಡೆ ಮಾನಸಿಕ ಆರೋಗ್ಯ ಪ್ರತ್ಯೇಕ ಕೋರ್ಸ್, ಕೆಲವು ಕಡೆ ಎಲ್ಲದರಲ್ಲೂ ಹರಡಿರುತ್ತದೆ. ಕ್ಲಿನಿಕಲ್ ಗಂಟೆಗಳು ಹೊಂದುವುದಿಲ್ಲ, ಮಧ್ಯದ ಸೆಮಿಸ್ಟರಿನಲ್ಲಿ ಖಾಲಿ ಜಾಗವೂ ಇರುವುದಿಲ್ಲ. ಹಳೆಯ ಶಾಲೆಯ ಡೀನ್‌ರಿಂದ ‘ಒಳ್ಳೆಯ ಸ್ಥಿತಿಯಲ್ಲಿ ಬಿಟ್ಟಿದ್ದಾರೆ’ ಎನ್ನುವ ಪತ್ರ ಬೇರೆ ಬೇಕು. ಒಂದು ವರ್ಷ, ಐವತ್ತು ಅರವತ್ತು ಸಾವಿರ ಡಾಲರ್ ಆದ ಮೇಲೆ ಮತ್ತೆ ಮೊದಲ ಸೆಮಿಸ್ಟರಿನಿಂದ ಶುರು. ನರ್ಸಿಂಗ್‌ನಲ್ಲಿ ಟ್ರಾನ್ಸ್‌ಫರ್ ಮಾಡಿಕೊಳ್ಳುವ ಕಾಲ ಅಂದರೆ ಪ್ರಿರಿಕ್ವಿಸಿಟ್ ಮುಗಿದು ಕ್ಲಿನಿಕಲ್ ಶುರುವಾಗುವ ಮೊದಲು. ನೀವು ಈಗ ಅಲ್ಲೇ ನಿಂತಿದ್ದೀರಿ, ಈ ಆಯ್ಕೆಯೇ ಕೊನೆಯದು ಅಂದುಕೊಂಡು ಮಾಡಿ.

ದುಡ್ಡಿನ ಲೆಕ್ಕ. ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ನಿಮ್ಮಂಥ ಕ್ವಾರ್ಟರ್ ಕಾಲೇಜಿನಲ್ಲಿ 31. ಪ್ರಿರಿಕ್ವಿಸಿಟ್ ಆಗಿರುವುದರಿಂದ ಉಳಿದದ್ದು ನರ್ಸಿಂಗ್ ಕೋರ್ಸ್‌ಗಳು. ಸುಮಾರು 40 ಸೆಮಿಸ್ಟರ್ ಯೂನಿಟ್ ಹಿಡಿದರೆ ಟ್ಯೂಷನ್ 1,840 ಡಾಲರ್. ಪುಸ್ತಕ, ಸಮವಸ್ತ್ರ, ಬ್ಯಾಕ್‌ಗ್ರೌಂಡ್ ಚೆಕ್, ಲಸಿಕೆ, ಆನ್‌ಲೈನ್ ಪರೀಕ್ಷಾ ಪ್ಯಾಕೇಜ್ ಸೇರಿ ಇನ್ನಷ್ಟು. ಎದುರಿಗೆ 1,15,000. ಮದುವೆಯಾದ ನೀವು ಫೆಡರಲ್ ಸಾಲದ ನಿಯಮದಲ್ಲಿ ಸ್ವತಂತ್ರ ವಿದ್ಯಾರ್ಥಿ. ಮೂರನೆಯ ವರ್ಷದಿಂದ ವರ್ಷಕ್ಕೆ 12,500, ಬ್ಯಾಚುಲರ್ ಓದಿಗೆ ಒಟ್ಟಾರೆ 57,500 ಡಾಲರ್‌ಗಿಂತ ಹೆಚ್ಚು ಫೆಡರಲ್ ಸಾಲ ಸಿಗದು. 20 ತಿಂಗಳಿಗೆ ಎರಡು ವರ್ಷದ ಸಾಲ ಎಂದರೂ 25,000 ಆಯಿತು. ಉಳಿದ 90,000 ಖಾಸಗಿ ಸಾಲ, ನಿಮ್ಮ ಯಜಮಾನರ ಸಹಿ ಬೇಕು. ಅವರ ಸಾಫ್ಟ್‌ವೇರ್ ಕೆಲಸವೋ ಬೇರೆ ಕೆಲಸವೋ, ಅದರ ಮೇಲೆ ಇಷ್ಟು ಭಾರ ಹಾಕಬಹುದೇ ಎನ್ನುವುದು ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ.

ಆದರೂ ಖಾಸಗಿ ಕಾಲೇಜಿನ ಪರವಾಗಿ ಒಂದು ಪ್ರಾಮಾಣಿಕ ವಾದ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಯುವುದೂ ಪುಕ್ಕಟೆ ಅಲ್ಲ. ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರಕಾರ 2024ರ ಮೇನಲ್ಲಿ ದೇಶದ ಆರ್‌ಎನ್‌ಗಳ ಮಧ್ಯಮ ವಾರ್ಷಿಕ ಸಂಬಳ 93,600 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಎಡಿಎನ್ ಸೀಟಿಗಾಗಿ ಒಂದು ವರ್ಷ ಕಾದರೆ ತೆರಿಗೆ ಕಳೆದು ಅಷ್ಟು ಸಂಬಳ ಬಿಟ್ಟಂತೆ. ಅದಕ್ಕೇ ನನ್ನ ಲೆಕ್ಕ ಹೀಗೆ: ಖಾಸಗಿಗಿಂತ ಲೈಸೆನ್ಸ್ ಒಂದು ವರ್ಷ ತಡವಾಗುವುದಾದರೆ ತಡವಾಗಲಿ, ಸಾಲ ಬೇಡ. ಎರಡು ವರ್ಷ ಅಥವಾ ಹೆಚ್ಚು ತಡವಾಗುವುದು ಖಚಿತವಾದರೆ, ಮೇಲೆ ಹೇಳಿದ ಮೂರು ಸಂಖ್ಯೆಗಳೂ ಮೂರು ಮಾನ್ಯತೆಗಳೂ ಸರಿಯಿದ್ದರೆ, ಖಾಸಗಿಯನ್ನು ತಳ್ಳಿಹಾಕಬೇಡಿ.

ತಡವಾಗುತ್ತದೋ ಇಲ್ಲವೋ ನಿಮ್ಮ ಪಾಯಿಂಟ್ ಮೇಲಿದೆ. ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ ಸೀಟು ಲಾಟರಿ. ಅಲ್ಲಿ ಯಾರ ಕೈಯಲ್ಲೂ ಏನೂ ಇಲ್ಲ. ನಿಮ್ಮದು ಪಾಯಿಂಟ್ ಪದ್ಧತಿ ಆಗಿರುವುದು ಅದೃಷ್ಟ. ಪ್ರಿರಿಕ್ವಿಸಿಟ್ ಜಿಪಿಎ ಮತ್ತು ಟೀಸ್ ಎನ್ನುವ ನರ್ಸಿಂಗ್ ಪ್ರವೇಶ ಪರೀಕ್ಷೆಯದ್ದೇ ದೊಡ್ಡ ಪಾಲು. ಟೀಸ್‌ನಲ್ಲಿ 62 ಬಂದರೆ ತೇರ್ಗಡೆ, ಆದರೆ ಸೀಟು ಸಿಗುವುದು 80, 90ರ ಆಸುಪಾಸಿನವರಿಗೆ. 170 ಪ್ರಶ್ನೆ, 209 ನಿಮಿಷ. ನಿಮ್ಮಂಥವರಿಗೆ ಗಣಿತ, ವಿಜ್ಞಾನ ಕಷ್ಟವಾಗುವುದಿಲ್ಲ, ಇಂಗ್ಲಿಷ್ ವ್ಯಾಕರಣದ ಭಾಗಕ್ಕೆ ತಯಾರಿ ಬೇಕು. ಮೊದಲೇ ಇರುವ ಡಿಗ್ರಿಗೆ, ಆರೋಗ್ಯ ಕ್ಷೇತ್ರದ ಕೆಲಸದ ಅನುಭವಕ್ಕೆ, ಇಂಗ್ಲಿಷ್ ಅಲ್ಲದ ಭಾಷೆ ಬಲ್ಲವರಿಗೂ ಪಾಯಿಂಟ್ ಇದೆ. ರಾಜ್ಯದ ಶಿಕ್ಷಣ ಕಾನೂನು ಆ ಭಾಷೆಗಳಿಗೆ ಉದಾಹರಣೆ ಕೊಡುವಾಗ ಭಾರತ ಉಪಖಂಡದ ಭಾಷೆಗಳನ್ನೂ ಸೇರಿಸಿದೆ. ಕನ್ನಡ ಬರುತ್ತದೆ ಎನ್ನುವುದನ್ನು ಅರ್ಜಿಯಲ್ಲಿ ಬರೆಯಲು ನಮ್ಮವರು ನಾಚಿಕೊಳ್ಳುತ್ತಾರೆ. ನೀವು ಬರೆಯಿರಿ, ಕನ್ನಡ ವಿಷಯ ಇರುವ ಅಂಕಪಟ್ಟಿ ಪುರಾವೆಯಾಗಿ ನಡೆಯುತ್ತದೆಯೇ ಎಂದು ಕೇಳಿ.

ಇನ್ನೊಂದು ಮಾತು, ಯಾವ ಕಾಲೇಜಿನ ಕೈಪಿಡಿಯಲ್ಲೂ ದೊಡ್ಡದಾಗಿ ಇಲ್ಲದ್ದು. ಕ್ಲಿನಿಕಲ್‌ಗೆ ಯಾವ ಆಸ್ಪತ್ರೆಗಳಿಗೆ ಕಳಿಸುತ್ತಾರೆ? ಬೆಳಿಗ್ಗೆ ಏಳಕ್ಕೆ ಶಿಫ್ಟ್ ಅಂದರೆ ಆರೂವರೆಗೇ ಅಲ್ಲಿರಬೇಕು, ಕೆಲವೊಮ್ಮೆ ಹನ್ನೆರಡು ಗಂಟೆ. ಶಾಲೆ ತೆರೆಯುವ ಮುಂಚೆ ಮಗನನ್ನು ನೋಡಿಕೊಳ್ಳುವವರು ಯಾರು? ಹತ್ತು ಮೈಲಿಯ ಕಾಲೇಜಿಗಿಂತ ಹತ್ತು ಮೈಲಿಯ ಕ್ಲಿನಿಕಲ್ ಮುಖ್ಯ. ಜಾಗ ಗೊತ್ತುಮಾಡುವುದು ಯಾರು, ಸಿಗದಿದ್ದರೆ ಬ್ಯಾಚ್ ನಿಲ್ಲಿಸುತ್ತಾರೋ ಎಂದೂ ಕೇಳಿ. ಆಸ್ಪತ್ರೆಗಳಲ್ಲಿ ಜಾಗಕ್ಕೆ ಬಡಿದಾಟ ಇದೆ, ಹೊಸ ಶಾಲೆಗಳು ಇಲ್ಲೇ ಎಡವುವುದು. ಕೆಲವು ಶಾಲೆಗಳು ಕೊರತೆಯನ್ನು ಸಿಮ್ಯುಲೇಶನ್ ಲ್ಯಾಬ್‌ನಿಂದ (ರೋಗಿಯ ಬದಲು ಗೊಂಬೆಯ ಮೇಲೆ ಅಭ್ಯಾಸ) ತುಂಬುತ್ತವೆ. ಒಳ್ಳೆಯ ಗುಣಮಟ್ಟದ ಸಿಮ್ಯುಲೇಶನ್ ಆದರೆ ಕ್ಲಿನಿಕಲ್‌ನ ಅರ್ಧದವರೆಗೂ ತೊಂದರೆ ಇಲ್ಲ ಎಂದು ನರ್ಸಿಂಗ್ ಬೋರ್ಡ್‌ಗಳ ರಾಷ್ಟ್ರೀಯ ಮಂಡಳಿಯ 2014ರ ಅಧ್ಯಯನ ತೋರಿಸಿದೆ. ಒಬ್ಬ ಶಿಕ್ಷಕಿ, ಇಪ್ಪತ್ತು ವಿದ್ಯಾರ್ಥಿಗಳು, ಮೂಲೆಯಲ್ಲೊಂದು ಗೊಂಬೆ, ಇದು ಆ ಅಧ್ಯಯನ ಹೇಳಿದ ಸಿಮ್ಯುಲೇಶನ್ ಅಲ್ಲ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಈ ವಾರವೇ ಸ್ಟೇಟ್‌ನ ನರ್ಸಿಂಗ್ ವಿಭಾಗಕ್ಕೆ ಮೇಲ್ ಬರೆದು, ನನ್ನ ಪ್ರವೇಶ ನರ್ಸಿಂಗ್ ಮೇಜರ್‌ಗೋ ಪ್ರಿ-ನರ್ಸಿಂಗ್‌ಗೋ, ಕ್ಲಿನಿಕಲ್ ಯಾವ ಸೆಮಿಸ್ಟರಿಗೆ ಶುರು, ನನ್ನ ಮೂರನೆಯ ಅನಾಟಮಿ ಭಾಗ ನಡೆಯುತ್ತದೋ ಇಲ್ಲವೋ ಎಂದು ಕೇಳುತ್ತಿದ್ದೆ. ‘ನರ್ಸಿಂಗ್’ ಎಂದರೆ ಅಲ್ಲಿಗೆ. ‘ಪ್ರಿ-ನರ್ಸಿಂಗ್’ ಎಂದರೆ ಆ ಸೀಟು ಬಿಟ್ಟು, ನನ್ನ ಕಾಲೇಜಿನ ಎಡಿಎನ್ ಜೊತೆ ಇನ್ನೆರಡು ಕಮ್ಯುನಿಟಿ ಕಾಲೇಜಿಗೂ ಅರ್ಜಿ ಹಾಕಿ, ಅನಾಟಮಿಯ ಆ ಭಾಗವನ್ನು ಮತ್ತೆ ಮಾಡಿ ಟೀಸ್‌ಗೆ ಕೂರುತ್ತಿದ್ದೆ. ಖಾಸಗಿಗೆ ಡೆಪಾಸಿಟ್ ಕಟ್ಟುತ್ತಿರಲಿಲ್ಲ. ಎರಡು ಸುತ್ತು ಸೀಟು ಸಿಗದಿದ್ದರೆ ಮಾತ್ರ ಅವರ ಫ್ಯಾಕ್ಟ್ ಶೀಟ್ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದೆ. ಎಲ್ಲವನ್ನೂ ಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಫೋನಿನಲ್ಲಿ ‘ಏನೂ ತೊಂದರೆ ಆಗಲ್ಲ’ ಅಂದವರು ಮುಂದಿನ ಸೆಮಿಸ್ಟರಿಗೆ ಆ ಕುರ್ಚಿಯಲ್ಲಿ ಇರುವುದಿಲ್ಲ.